ಉದ್ಯಮಬಾಗದ ಫೌಂಡ್ರಿಗೆ ಮೇಲ್ ಆರ್ಕೈವ್ ಕಟ್ಟಿದ್ದು

2006ರ ಎಂಎಸ್‌ಎಂಇ (ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆಯಲ್ಲಿ ಒಂದು ಸಣ್ಣ ವಿವರಣೆ ಇದೆ. ಮಾಲು ತಲುಪಿದ 15 ದಿನದೊಳಗೆ ಖರೀದಿದಾರರು ಬರವಣಿಗೆಯಲ್ಲಿ ತಕರಾರು ಮಾಡದಿದ್ದರೆ ಮಾಲು ಒಪ್ಪಿಕೊಂಡ ಹಾಗೆಯೇ ಲೆಕ್ಕ. ಹಣದ ಗಡುವು ಮಾಲು ತಲುಪಿದ ದಿನದಿಂದಲೇ ಓಡುತ್ತದೆ. ಇಬ್ಬರ ನಡುವೆ ಏನೇ ಒಪ್ಪಂದವಿರಲಿ, ಗಡುವು 45 ದಿನ ಮೀರುವಂತಿಲ್ಲ. ಮೀರಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಸಣ್ಣ ಕಾರ್ಖಾನೆಗೆ ಇದು ದೊಡ್ಡ ಆಸರೆ. ಆದರೆ ಈ ಆಸರೆ ನಿಂತಿರುವುದು ಒಂದು ಪ್ರಶ್ನೆಯ ಮೇಲೆ: ಆ 15 ದಿನದಲ್ಲಿ ತಕರಾರಿನ ಮೇಲ್ ಬಂದಿತ್ತಾ, ಇಲ್ವಾ?

ಬೆಳಗಾವಿಯ ಉದ್ಯಮಬಾಗದಲ್ಲಿ ಕೆಲವು ಕಾರ್ಖಾನೆಗಳ ಕಂಪ್ಯೂಟರ್ ಕೆಲಸ ನೋಡಿಕೊಳ್ಳುತ್ತೇನೆ. ಅದರಲ್ಲಿ ಒಂದು ಫೌಂಡ್ರಿ, ಪಂಪ್ ಮತ್ತು ವಾಲ್ವ್ ಕಾಸ್ಟಿಂಗ್ ಮಾಡುವವರು. ಹೊರ ರಾಜ್ಯದ ಒಬ್ಬ ಗಿರಾಕಿ ಬಿಲ್ ತಡೆಹಿಡಿದು, 'ಬ್ಲೋ ಹೋಲ್ (ಎರಕದೊಳಗೆ ಗಾಳಿಯ ತೂತು) ಇದೆ ಅಂತ ವಾರದೊಳಗೇ ಮೇಲ್ ಮಾಡಿದ್ದೆವು' ಎಂದರು. ಇಲ್ಲಿ ಅಂಥ ಮೇಲ್ ಯಾರೂ ನೋಡಿಲ್ಲ. ಆದರೆ 'ಬಂದಿಲ್ಲ' ಎಂದು ತೋರಿಸುವುದು ಹೇಗೆ? ಮೇಲ್ ಎಲ್ಲ ಬೇರೆ ಬೇರೆ ಮಷೀನ್‌ಗಳ ಔಟ್‌ಲುಕ್‌ನಲ್ಲಿ, ಅದು ಮೇಲ್ ತುಂಬಿಡುವ ಪಿಎಸ್‌ಟಿ ಫೈಲ್‌ಗಳಲ್ಲಿ ಹಂಚಿಹೋಗಿತ್ತು. ಸರ್ವರ್‌ನಲ್ಲಿ ಎರಡು ವಾರಕ್ಕೆ ಅಳಿಸಿಹೋಗುತ್ತಿತ್ತು. ಯಾರು ಬೇಕಾದರೂ ಏನು ಬೇಕಾದರೂ ಡಿಲೀಟ್ ಮಾಡಬಹುದಿತ್ತು. ಆ ತಕರಾರು ಕೊನೆಗೆ ಸ್ವಲ್ಪ ಹಣ ಬಿಟ್ಟುಕೊಟ್ಟು ಮುಗಿಯಿತು. ಆಮೇಲೆ ಮಾಲೀಕರು ನನ್ನನ್ನು ಕರೆಸಿ, 'ಬ್ಯಾಕಪ್ ಐತಿ ಅಂತೀರಲ್ರೀ, ಮತ್ತ್ಯಾಕ ಸಿಗವಲ್ದು?' ಎಂದು ಕೇಳಿದರು.

ನ್ಯಾಯವಾದ ಪ್ರಶ್ನೆ. ಬ್ಯಾಕಪ್ ಎಂದರೆ ನಿನ್ನೆ ರಾತ್ರಿ ಡಿಸ್ಕ್ ಹೇಗಿತ್ತೋ ಅದರ ನಕಲು. ಬೆಳಿಗ್ಗೆ ಬಂದ ಮೇಲನ್ನು ಸಂಜೆಯೊಳಗೆ ಅಳಿಸಿದರೆ ಅದು ಯಾವ ಬ್ಯಾಕಪ್‌ನಲ್ಲೂ ಇರುವುದಿಲ್ಲ. ಆರ್ಕೈವ್ ಹಾಗಲ್ಲ. ಮೇಲ್ ಬಾಗಿಲು ದಾಟುವಾಗಲೇ ಒಂದು ಪ್ರತಿ ಪಕ್ಕಕ್ಕೆ ಹೋಗಬೇಕು, ಅದನ್ನು ಯಾರೂ ಮುಟ್ಟಬಾರದು. ಮಾಲೀಕರಿಗೆ ಟೆಸ್ಟ್ ಬಾರ್ ಉದಾಹರಣೆ ಕೊಟ್ಟೆ. ಪ್ರತಿ ಹೀಟ್‌ನಿಂದಲೂ, ಅಂದರೆ ಒಂದೊಂದು ಸಲ ಕರಗಿಸಿದ ಲೋಹದಿಂದಲೂ, ಪರೀಕ್ಷೆಗೆಂದು ಒಂದು ಬಾರ್ ಎತ್ತಿಡುತ್ತಾರಲ್ಲ, ಮಾಲು ಯಾವ ದೇಶಕ್ಕೆ ಹೋದರೂ ಬಾರ್ ಇಲ್ಲೇ ಇರುತ್ತದೆ. ಅವರಿಗೆ ತಕ್ಷಣ ಅರ್ಥವಾಯಿತು.

ಮೊದಲು ಎಷ್ಟು ವರ್ಷ ಇಡಬೇಕು ಎಂಬುದು ತೀರ್ಮಾನವಾಗಬೇಕಿತ್ತು. ಇದನ್ನು ಕಂಪ್ಯೂಟರಿನವನು ಒಬ್ಬನೇ ಹೇಳಬಾರದು. ಸಿಎ ಮತ್ತು ವಕೀಲರನ್ನು ಒಟ್ಟಿಗೆ ಕೂರಿಸಿದೆವು. 2013ರ ಕಂಪನಿ ಕಾಯ್ದೆಯ 128ನೇ ಸೆಕ್ಷನ್ ಪ್ರಕಾರ ಲೆಕ್ಕದ ಪುಸ್ತಕ, ವೋಚರ್‌ಗಳು 8 ಹಣಕಾಸು ವರ್ಷ ಇರಬೇಕು. ಜಿಎಸ್‌ಟಿ ಕಾಯ್ದೆಯ 36ನೇ ಸೆಕ್ಷನ್ 72 ತಿಂಗಳು ಎನ್ನುತ್ತದೆ, ಆದರೆ ಎಣಿಕೆ ಶುರುವಾಗುವುದು ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ. 2023–24ರ ದಾಖಲೆಯನ್ನೇ ತಗೊಳ್ಳಿ. ರಿಟರ್ನ್ ಗಡುವು 31 ಡಿಸೆಂಬರ್ 2024, ಅಂದರೆ ದಾಖಲೆ 2030ರ ಡಿಸೆಂಬರ್ ಕೊನೆಯವರೆಗೆ ಇರಲೇಬೇಕು. ನಡುವೆ ಅಪೀಲು ನಡೆಯುತ್ತಿದ್ದರೆ ಅದು ಮುಗಿದು ಒಂದು ವರ್ಷದ ತನಕ, ಅಥವಾ ಈ 72 ತಿಂಗಳ ತನಕ, ಯಾವುದು ಜಾಸ್ತಿಯೋ ಅದು. ಮೇಲ್‌ನಲ್ಲಿ ಬಂದ ಪರ್ಚೇಸ್ ಆರ್ಡರ್, ದರದ ಒಪ್ಪಿಗೆ, ಡ್ರಾಯಿಂಗ್ ತಿದ್ದುಪಡಿ ಎಲ್ಲವೂ ಇವಕ್ಕೆ ಅಂಟಿಕೊಂಡೇ ಇರುತ್ತವೆ. ಪ್ರತಿ ಮೇಲನ್ನೂ ಬಿಡಿಸಿ ಬೇರೆ ಬೇರೆ ಅವಧಿ ಹಾಕುತ್ತಾ ಕೂತರೆ ಕೆಲಸ ಮುಗಿಯುವುದಿಲ್ಲ. ಎಲ್ಲದಕ್ಕೂ ಹತ್ತು ವರ್ಷ ಎಂದು ಬರೆದು ಸಹಿ ಹಾಕಿಸಿಕೊಂಡೆ. ಎಚ್‌ಆರ್ ಮೇಲ್ ಮಾತ್ರ ಬೇರೆ. ಆ ಮಾತಿಗೆ ಮುಂದೆ ಬರುತ್ತೇನೆ.

ಎಷ್ಟು ದಿನ ಎಂಬುದಕ್ಕಿಂತ ಹೇಗೆ ಇಡಬೇಕು ಎಂಬುದೇ ಮುಖ್ಯ ಅನ್ನೋದು ನನ್ನ ಅಭಿಪ್ರಾಯ. 2000ನೇ ಇಸವಿಯ ಐಟಿ ಕಾಯ್ದೆಯ 7ನೇ ಸೆಕ್ಷನ್ ಇದನ್ನು ಚೆನ್ನಾಗಿ ಹೇಳಿದೆ. ದಾಖಲೆ ಮುಂದೆಯೂ ತೆರೆದು ನೋಡುವಂತಿರಬೇಕು. ಹುಟ್ಟಿದ ರೂಪದಲ್ಲೇ ಇರಬೇಕು, ಇಲ್ಲವೇ ಅದೇ ಮಾಹಿತಿಯನ್ನು ನಿಖರವಾಗಿ ತೋರಿಸುವ ರೂಪದಲ್ಲಿರಬೇಕು. ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು, ಯಾವ ದಿನ, ಯಾವ ಹೊತ್ತು ಎಂಬ ವಿವರ ಜೊತೆಗಿರಬೇಕು. ಇಡೀ ಕಟ್ಟೋಣಕ್ಕೆ ಇದನ್ನೇ ಅಳತೆಗೋಲು ಮಾಡಿಕೊಂಡೆ.

ಫೌಂಡ್ರಿಯ ಮೇಲ್ ಈಗ ಒಂದು ಬಾಡಿಗೆ ಸರ್ವರ್‌ನಲ್ಲಿದೆ. ಮೇಲ್ ಕಳಿಸಲು, ಪಡೆಯಲು ಪೋಸ್ಟ್‌ಫಿಕ್ಸ್, ಪೆಟ್ಟಿಗೆಗಳಲ್ಲಿ ಇಟ್ಟು ತೋರಿಸಲು ಡವ್‌ಕಾಟ್, ವೈರಸ್–ಸ್ಪ್ಯಾಮ್ ಸೋಸಲು ಅಮಾವಿಸ್. ಪೋಸ್ಟ್‌ಫಿಕ್ಸ್‌ನಲ್ಲಿ 'ಆಲ್ವೇಸ್ ಬಿಸಿಸಿ' (ಎಲ್ಲದರದ್ದೂ ಗುಟ್ಟಾಗಿ ಒಂದು ಪ್ರತಿ) ಎಂಬ ಒಂದೇ ಸಾಲು ಹಾಕಿದರೆ ಬರುವ, ಹೋಗುವ, ಒಳಗೊಳಗೇ ಓಡಾಡುವ ಎಲ್ಲ ಮೇಲ್‌ನ ಪ್ರತಿ ಜರ್ನಲ್ ಎಂಬ ಒಂದು ಮೇಲ್ ಪೆಟ್ಟಿಗೆಗೆ ಬೀಳುತ್ತದೆ. ಹಾಕಿದ ಕೂಡಲೇ ಪ್ರತಿ ಮೇಲ್ ಎರಡೆರಡು ಸಲ ಬರತೊಡಗಿತು. ಕಾರಣ ಅಮಾವಿಸ್. ಮೇಲ್ ಒಮ್ಮೆ ಪೋಸ್ಟ್‌ಫಿಕ್ಸ್‌ಗೆ ಬಂದು, ಸೋಸಲು ಹೊರಗೆ ಹೋಗಿ, ಮತ್ತೆ ಪೋಸ್ಟ್‌ಫಿಕ್ಸ್‌ಗೆ ಬರುತ್ತದೆ. ಎರಡು ಬಾಗಿಲಲ್ಲೂ ಪ್ರತಿ ತೆಗೆದರೆ ಎರಡಾಗುತ್ತದೆ. ಮೊದಲ ಬಾಗಿಲಲ್ಲಿ 'ನೋ ಅಡ್ರೆಸ್ ಮ್ಯಾಪಿಂಗ್ಸ್' (ಇಲ್ಲಿ ಪ್ರತಿ ತೆಗೆಯಬೇಡ ಎಂಬ ಸೂಚನೆ) ಹಾಕಿದ ಮೇಲೆ ಸರಿಹೋಯಿತು.

ಅದೇ ಹೊತ್ತಿಗೆ ಸ್ಪ್ಯಾಮ್ ಅನುಮಾನ ಇರುವ ಮೇಲ್‌ನ ಸಬ್ಜೆಕ್ಟ್ ಮುಂದೆ 'ಸ್ಪ್ಯಾಮ್' ಎಂದು ಸೇರಿಸುವ ಚಾಳಿಯನ್ನೂ ನಿಲ್ಲಿಸಿದೆ. ಮೇಲ್ ಅವರ ಡೊಮೇನ್‌ನಿಂದಲೇ ಬಂದದ್ದು, ದಾರಿಯಲ್ಲಿ ಬದಲಾಗಿಲ್ಲ ಎಂದು ತೋರಿಸಲು ಕಳಿಸಿದವರ ಸರ್ವರ್ ಹಾಕಿದ ಡಿಕಿಮ್ ಸಹಿ ಸಾಮಾನ್ಯವಾಗಿ ಸಬ್ಜೆಕ್ಟನ್ನೂ ಒಳಗೊಂಡಿರುತ್ತದೆ. ಒಂದು ಅಕ್ಷರ ಸೇರಿಸಿದರೂ ಸಹಿ ಮುರಿಯುತ್ತದೆ. ಈ ಸಹಿ ಬಲವಾದ ಸಾಕ್ಷಿ, ಸುಮ್ನೆ ಕಳೆದುಕೊಳ್ಳಬಾರದು. ಇನ್ನೊಂದು ವಿಷಯ: ಸಹಿ ಪರೀಕ್ಷಿಸುವ ಕೀ ಕಳಿಸಿದವರ ಡಿಎನ್‌ಎಸ್‌ನಲ್ಲಿ (ಡೊಮೇನ್ ವಿವರಗಳ ಸಾರ್ವಜನಿಕ ಪಟ್ಟಿಯಲ್ಲಿ) ಇರುತ್ತದೆ, ಅವರು ಅದನ್ನು ಆಗಾಗ ಬದಲಿಸುತ್ತಾರೆ. ಐದು ವರ್ಷ ಬಿಟ್ಟು ಪರೀಕ್ಷಿಸಲು ಹೋದರೆ ಕೀ ಇರುವುದಿಲ್ಲ. ಹಾಗಾಗಿ ಬಂದ ಕ್ಷಣದಲ್ಲೇ ಪರೀಕ್ಷಿಸಿ, 'ಪಾಸ್' ಎಂಬ ಫಲಿತಾಂಶ ಮೇಲ್‌ನ ಹೆಡರ್‌ನಲ್ಲಿ, ಅಂದರೆ ತಲೆಭಾಗದ ವಿವರಗಳಲ್ಲಿ, ದಾಖಲಾಗುವಂತೆ ಮಾಡಿದೆ.

ಎಚ್‌ಆರ್ ಪ್ರಶ್ನೆ ಬಂದಿದ್ದು ಇಲ್ಲೇ. ಕೆಲಸ ಕೇಳಿ ಬಂದವರ ಬಯೋಡೇಟಾ, ಆಧಾರ್ ಪ್ರತಿ, ಮೆಡಿಕಲ್ ಚೀಟಿ ಎಲ್ಲ ಆ ಪೆಟ್ಟಿಗೆಗೆ ಬರುತ್ತವೆ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಕಾಯ್ದೆಯ ಆಶಯ ಏನೆಂದರೆ, ಕೆಲಸ ಮುಗಿದ ಮೇಲೆ, ಬೇರೆ ಕಾನೂನು ಇಡು ಎನ್ನದಿದ್ದರೆ, ಅಳಿಸಬೇಕು. ಕೆಲಸ ಸಿಗದೆ ಹೋದ ಹುಡುಗನ ಆಧಾರ್ ಹತ್ತು ವರ್ಷ ನಮ್ಮ ಡಿಸ್ಕ್‌ನಲ್ಲಿ ಯಾಕಿರಬೇಕು? 'ಆಲ್ವೇಸ್ ಬಿಸಿಸಿ' ತೆಗೆದು, ಕಳಿಸಿದವರ ಮತ್ತು ಪಡೆದವರ ವಿಳಾಸದ ಮೇಲೆ ನಡೆಯುವ ಎರಡು ಬಿಸಿಸಿ ಮ್ಯಾಪ್ ಹಾಕಿದೆ. ಎಚ್‌ಆರ್ ವಿಳಾಸಕ್ಕೆ ಬೇರೆ ಜರ್ನಲ್, ಅದಕ್ಕೆ ಕಡಿಮೆ ಅವಧಿ. ಉಳಿದ ಇಡೀ ಡೊಮೇನ್‌ಗೆ ಒಂದೇ ಸಾಲು. ಹಾಗೆ ಮಾಡಿದರೆ ನಾಳೆ ಹೊಸ ಮೇಲ್ ವಿಳಾಸ ತೆರೆದರೂ ಅದು ತಾನಾಗಿ ಆರ್ಕೈವ್‌ಗೆ ಸೇರುತ್ತದೆ. ಒಬ್ಬೊಬ್ಬರ ಹೆಸರು ಬರೆಯುತ್ತಾ ಹೋದರೆ ಯಾವತ್ತೋ ಒಂದು ಬಿಟ್ಟುಹೋಗುತ್ತದೆ. ಒಂದು ಬಿಟ್ಟುಹೋದರೆ 'ಬಂದಿಲ್ಲ' ಎಂದು ಹೇಳುವ ಹಕ್ಕೇ ಹೋಯಿತು. ಕಂಪನಿ ಮೇಲ್ ಎಲ್ಲವೂ ಆರ್ಕೈವ್ ಆಗುತ್ತದೆ ಎಂದು ಕನ್ನಡ, ಮರಾಠಿ, ಇಂಗ್ಲಿಷ್ ಮೂರರಲ್ಲೂ ನೋಟಿಸ್ ಬೋರ್ಡಿಗೆ ಹಾಕಿಸಿದೆವು.

ಇನ್ನು ಬಿಸಿಸಿ ತೊಡಕು. ಹೊರಗೆ ಹೋಗುವ ಮೇಲ್‌ನಲ್ಲಿ ಯಾರಿಗಾದರೂ ಗುಟ್ಟಾಗಿ ಪ್ರತಿ ಕಳಿಸಿದ್ದರೆ, ಪೋಸ್ಟ್‌ಫಿಕ್ಸ್ ಆ ಬಿಸಿಸಿ ಹೆಡರನ್ನು ಕಿತ್ತುಹಾಕುತ್ತದೆ. ಅದು ಅದರ ಧರ್ಮ. ಆದರೆ ಜರ್ನಲ್ ಪ್ರತಿಯಲ್ಲೂ ಆ ಹೆಸರು ಇರುವುದಿಲ್ಲ. ಆ ಹೆಸರು ಉಳಿಯುವುದು ಸರ್ವರ್‌ನ ಮೇಲ್ ಲಾಗ್‌ನಲ್ಲಿ. ಲಾಗ್‌ನ ಒಂದು ಸಾಲನ್ನು ಹತ್ತಿರದಿಂದ ನೋಡಿದರೆ ಅದರ ಬೆಲೆ ಗೊತ್ತಾಗುತ್ತದೆ. ಮೊದಲು ದಿನಾಂಕ, ಗಂಟೆ. ಆಮೇಲೆ ಆ ಮೇಲ್‌ಗೆ ಕೊಟ್ಟ ಕ್ಯೂ ನಂಬರ್. ಆಮೇಲೆ ಯಾರಿಗೆ, ಯಾವ ಸರ್ವರ್ ಮೂಲಕ. ಕೊನೆಗೆ 'ಸೆಂಟ್', ಅದರ ಪಕ್ಕದಲ್ಲೇ ಆ ಕಡೆಯ ಸರ್ವರ್ ಕೊಟ್ಟ ಉತ್ತರ: '250 ಓಕೆ'. ಐಟಿ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ, ದಾಖಲೆ ಕಳಿಸಿದವರ ಹಿಡಿತದಲ್ಲಿಲ್ಲದ ಕಂಪ್ಯೂಟರ್ ಒಳಗೆ ಹೋದ ಕ್ಷಣವೇ ಅದು ರವಾನೆಯಾದ ಕ್ಷಣ. ಆ 250 ಎಂಬ ಉತ್ತರ ನಿಖರವಾಗಿ ಅದನ್ನೇ ಹೇಳುತ್ತಿದೆ ಅಲ್ವಾ? ಮೇಲ್ ಪ್ರತಿ ಅರ್ಧ ಸಾಕ್ಷಿಯಾದರೆ ಈ ಸಾಲು ಇನ್ನರ್ಧ. ಲಾಗ್ ಕೆಲವೇ ವಾರಕ್ಕೆ ತಾನೇ ಅಳಿಸಿಕೊಳ್ಳುವ ಹಾಗೆ ಸರ್ವರ್ ಸಿದ್ಧವಾಗಿತ್ತು. ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್–ಇನ್ 28 ಏಪ್ರಿಲ್ 2022ರಂದು ಕೊಟ್ಟ ನಿರ್ದೇಶನದಲ್ಲಿ ಲಾಗ್‌ಗಳನ್ನು 180 ದಿನ ಇಡಬೇಕು, ಗಡಿಯಾರವನ್ನು ಸರ್ಕಾರಿ ಸಂಸ್ಥೆಗಳಾದ ಎನ್‌ಐಸಿ ಅಥವಾ ಎನ್‌ಪಿಎಲ್ ಸಮಯ ಸರ್ವರ್‌ಗೆ ಹೊಂದಿಸಬೇಕು ಎಂದಿದೆ. ಗಡಿಯಾರ ಹೊಂದಿಸಿದೆ. ಮೇಲ್ ಲಾಗನ್ನು ಮಾತ್ರ 180 ದಿನಕ್ಕೆ ಬಿಡದೆ ಮೇಲ್ ಜೊತೆಗೇ ಹತ್ತು ವರ್ಷಕ್ಕೆ ಸೇರಿಸಿದೆ. ಕಂಪ್ರೆಸ್ ಮಾಡಿದರೆ ಅದು ಬಹಳ ಸಣ್ಣ ಫೈಲ್.

ಈಗ ಆರ್ಕೈವ್ ಕೂರುವ ಪೆಟ್ಟಿಗೆ, ಅಂದರೆ ಕಂಪ್ಯೂಟರ್. ಫೌಂಡ್ರಿಯ ಹಳೆಯ ಕಂಪ್ಯೂಟರ್ ಒಂದನ್ನು ಬಿಚ್ಚಿದಾಗ ಮದರ್‌ಬೋರ್ಡ್ ಮೇಲೆ ಕಪ್ಪು ಧೂಳು ಕೂತಿತ್ತು. ಮ್ಯಾಗ್ನೆಟ್ ಹತ್ತಿರ ಹಿಡಿದರೆ ಧೂಳು ಎದ್ದು ನಿಲ್ಲುತ್ತಿತ್ತು. ಶಾಟ್ ಬ್ಲಾಸ್ಟಿಂಗ್ ಮತ್ತು ಗ್ರೈಂಡಿಂಗ್‌ನಿಂದ ಬರುವ ಕಬ್ಬಿಣದ ಪುಡಿ ಅದು, ಕರೆಂಟ್ ಹಾಯಿಸುತ್ತದೆ. ಹತ್ತು ವರ್ಷ ಬಾಳಬೇಕಾದ ಯಂತ್ರವನ್ನು ಶಾಪ್ ಫ್ಲೋರ್ ಪಕ್ಕದ ಕೋಣೆಯಲ್ಲಿ ಇಡುವ ಮಾತೇ ಇರಲಿಲ್ಲ. ಮೇಲಿನ ಮಹಡಿಯ ಅಕೌಂಟ್ಸ್ ಕೋಣೆಯಲ್ಲಿ, ಗಾಳಿ ಬರುವ ಕಡೆ ಫಿಲ್ಟರ್ ಇರುವ ಬೀರುವಿನಲ್ಲಿ ಇಟ್ಟೆ. ತಪ್ಪನ್ನು ತಾನೇ ತಿದ್ದಿಕೊಳ್ಳುವ ಇಸಿಸಿ ರ‍್ಯಾಮ್ ಇರುವ ಸಣ್ಣ ಟವರ್ ಸರ್ವರ್, 4 ಟಿಬಿಯ ಎರಡು ಡಿಸ್ಕ್, ಡೆಬಿಯನ್ ಲಿನಕ್ಸ್, ಎರಡು ಡಿಸ್ಕಿಗೂ ಒಂದೇ ಪ್ರತಿ ಬರೆಯುವ ಝಡ್‌ಎಫ್‌ಎಸ್ ಮಿರರ್, ಒಂದು ಯುಪಿಎಸ್. ಡಿಸ್ಕ್ ಎರಡನ್ನೂ ಬೇರೆ ಬೇರೆ ಕಂಪನಿಯವೇ ತಗೊಂಡೆ. ಒಂದೇ ಬ್ಯಾಚಿನವು ಒಟ್ಟಿಗೆ ಕೈಕೊಡುವ ಸಂಭವ ಇರುತ್ತದೆ. ಮಳೆಗಾಲದಲ್ಲಿ ಬೆಳಗಾವಿಯಲ್ಲಿ ಕರೆಂಟ್ ಹೋಗುವುದು ಇದ್ದದ್ದೇ. ದೀಪಾವಳಿಗೆ ಫೌಂಡ್ರಿ ಹಲವು ದಿನ ಮುಚ್ಚುತ್ತದೆ. ಆದ್ದರಿಂದ ಮೇಲನ್ನು ನೇರವಾಗಿ ಈ ಪೆಟ್ಟಿಗೆಗೆ ತಳ್ಳುವ ದಾರಿ ಬಿಟ್ಟೆ. ಪೋಸ್ಟ್‌ಫಿಕ್ಸ್ ತಲುಪಿಸಲಾಗದ ಮೇಲನ್ನು ಸಾಮಾನ್ಯವಾಗಿ 5 ದಿನ ಹಿಡಿದಿಟ್ಟು ಆಮೇಲೆ ಕೈಬಿಡುತ್ತದೆ. ಪೆಟ್ಟಿಗೆಯೇ ಜರ್ನಲ್‌ನಿಂದ ಎಳೆದುಕೊಳ್ಳಲಿ. ಎಳೆದದ್ದು ಜರ್ನಲ್‌ನಲ್ಲಿ ಇನ್ನೂ 30 ದಿನ ಉಳಿದಿರಲಿ.

ಎಳೆಯುವ ಕೆಲಸ ಗೆಟ್‌ಮೇಲ್‌ನದ್ದು. ಅದು ತನ್ನದೇ ಎರಡು ಹೆಡರ್ ಸೇರಿಸುವ ಅಭ್ಯಾಸದ್ದು, ಅದನ್ನು ನಿಲ್ಲಿಸಬೇಕು. ಹೀಗೆ ಬಂದ ಕಚ್ಚಾ ಫೈಲ್‌ಗಳು ತಾರೀಖಿನ ಪ್ರಕಾರ ಫೋಲ್ಡರ್‌ಗಳಲ್ಲಿ ಕೂರುತ್ತವೆ. ಅಸಲು ಎಂದರೆ ಇವೇ. ಹುಡುಕಲು ಮೇಲ್‌ಪೈಲರ್ ಹಾಕಿದ್ದೇನೆ. ಇದು ಓಪನ್ ಸೋರ್ಸ್, ದಾಸ್ತಾನನ್ನು ಎನ್‌ಕ್ರಿಪ್ಟ್ ಮಾಡುತ್ತದೆ, ಒಂದೇ ಮೆಸೇಜ್ ಐಡಿ ಇರುವ ಮೇಲನ್ನು ಒಮ್ಮೆ ಮಾತ್ರ ಇಡುತ್ತದೆ. ಅದರಲ್ಲಿ ನಡೆಸುವ ಅಡ್ಮಿನ್ ಬೇರೆ, ಮೇಲ್ ಹುಡುಕಿ ಓದುವ ಆಡಿಟರ್ ಬೇರೆ. ಅಡ್ಮಿನ್ ನಾನು, ನನಗೆ ಅದರಲ್ಲಿ ಮೇಲ್ ಓದಲು ಅನುಮತಿ ಇಲ್ಲ. ಆಡಿಟರ್ ಪಾಸ್‌ವರ್ಡ್ ಅಕೌಂಟ್ಸ್ ಮುಖ್ಯಸ್ಥರ ಬಳಿ. ಅವಧಿ ಮುಗಿದ ಮೇಲ್ ಅಳಿಸುವ ಕೆಲಸ ತಾನಾಗಿ ಓಡದಂತೆ ನಿಲ್ಲಿಸಿದ್ದೇನೆ. ವರ್ಷಕ್ಕೊಮ್ಮೆ ವಕೀಲರು 'ಯಾವ ಕೇಸೂ ಬಾಕಿ ಇಲ್ಲ' ಎಂದು ಬರೆದುಕೊಟ್ಟ ಮೇಲೆ ಕೈಯಿಂದಲೇ ಮಾಡಬೇಕು.

ಪ್ರತಿ ರಾತ್ರಿ ಆ ದಿನದ ಎಲ್ಲ ಫೈಲ್‌ಗಳ ಎಸ್‌ಎಚ್‌ಎ–256 ಹ್ಯಾಶ್ ಲೆಕ್ಕ ಹಾಕಿ ಒಂದು ಪಟ್ಟಿ ತಯಾರಾಗುತ್ತದೆ. ಹ್ಯಾಶ್ ಎಂದರೆ ಫೈಲ್‌ನ ಒಳಗಿನದ್ದರಿಂದಲೇ ಲೆಕ್ಕ ಹಾಕಿದ, ಬೆರಳಚ್ಚಿನಂಥ 64 ಅಕ್ಷರದ ಒಂದು ಸಾಲು. ಮೇಲ್‌ನಲ್ಲಿ ಒಂದು ಅಲ್ಪವಿರಾಮ ಬದಲಾದರೂ ಇಡೀ ಸಾಲು ಬೇರೆಯಾಗುತ್ತದೆ. ಆದರೆ ಫೈಲನ್ನೂ ತಿದ್ದಿ ಪಟ್ಟಿಯನ್ನೂ ಮತ್ತೆ ಬರೆದರೆ? ಅದಕ್ಕೇ ಪಟ್ಟಿಯ ಹ್ಯಾಶನ್ನು ದಿನವೂ ಸಿಎ ಮತ್ತು ವಕೀಲರ ಮೇಲ್‌ಗೆ ಕಳಿಸುತ್ತೇವೆ. ಅವರು ಓದಬೇಕಾಗಿಲ್ಲ, ಇಟ್ಟುಕೊಂಡರೆ ಸಾಕು. ಇನ್ನು ಯಾರೂ, ನಾನೂ ಸೇರಿ, ಹಳೆಯ ದಿನವನ್ನು ಸದ್ದಿಲ್ಲದೆ ತಿದ್ದಲಾರರು. ಖರ್ಚಿಲ್ಲದ ಈ ಏರ್ಪಾಡು ನನಗೆ ಇಡೀ ಕೆಲಸದಲ್ಲಿ ಜಾಸ್ತಿ ತೃಪ್ತಿ ಕೊಟ್ಟಿದೆ.

ಮೂರನೇ ಪ್ರತಿ ಎನ್‌ಕ್ರಿಪ್ಟ್ ಆಗಿ ಮುಂಬೈನ ಕ್ಲೌಡ್ ದಾಸ್ತಾನಿಗೆ ದಿನವೂ ಹೋಗುತ್ತದೆ. ಕಂಪನಿ ಲೆಕ್ಕದ ನಿಯಮಗಳಲ್ಲಿ, ಭಾರತದೊಳಗಿನ ಸರ್ವರ್‌ನಲ್ಲಿಡುವ ಎಲೆಕ್ಟ್ರಾನಿಕ್ ಲೆಕ್ಕಪತ್ರದ ಬ್ಯಾಕಪ್ ದಿನವೂ ಆಗಬೇಕು ಎಂಬ ಮಾತು 2022ರ ತಿದ್ದುಪಡಿಯಿಂದ ಬಂದಿದೆ. ಅಲ್ಲಿ ಆಬ್ಜೆಕ್ಟ್ ಲಾಕ್, ಅದೂ ಕಂಪ್ಲಯನ್ಸ್ ಮೋಡ್. ಈ ಮೋಡ್‌ನಲ್ಲಿ ಹಾಕಿದ ಫೈಲನ್ನು ಅವಧಿ ಮುಗಿಯುವ ತನಕ ಖಾತೆಯ ಯಜಮಾನರೂ ಅಳಿಸಲಾರರು. ಮೊದಲು ಒಂದು ದಿನದ ಅವಧಿ ಹಾಕಿ ಪರೀಕ್ಷೆ ಮಾಡಿ ನೋಡಿ, ಆಮೇಲೆ ಹತ್ತು ವರ್ಷಕ್ಕೆ ಹೋಗಿ. ತಪ್ಪಾಗಿ ತುಂಬಿದ ಫೈಲ್‌ಗೂ ಅಷ್ಟು ವರ್ಷ ಬಾಡಿಗೆ ಕಟ್ಟಬೇಕಾಗುತ್ತದೆ. ಎಚ್‌ಆರ್ ಜರ್ನಲ್ ಈ ಲಾಕ್‌ಗೆ ಹೋಗುವುದಿಲ್ಲ.

ಹಳೆಯ ಪಿಎಸ್‌ಟಿಗಳೇ ತುಂಬಾ ಸಮಯ ತಿಂದವು. ಡಿಸ್ಪ್ಯಾಚ್ ಕಾಕಾ ಅವರ ಮಷೀನ್‌ನಲ್ಲಿ ಹಳೇ ಔಟ್‌ಲುಕ್ ಕಾಲದ ಒಂದು ಫೈಲ್ ಸರಿಯಾಗಿ 2 ಜಿಬಿ ಹತ್ತಿರ ನಿಂತುಹೋಗಿತ್ತು. ಆ ರೂಪದ ಮಿತಿಯೇ ಅಷ್ಟು. 'ಅದು ತೆರಿಯೂದ ಬಿಟ್ಟು ಭಾಳ ವರ್ಷ ಆತು ತಮ್ಮಾ' ಎಂದರು. ಅದರ ನಕಲು ತೆಗೆದು, ನಕಲಿನ ಮೇಲೆ ಔಟ್‌ಲುಕ್‌ನದೇ ಇನ್‌ಬಾಕ್ಸ್ ರಿಪೇರಿ ಟೂಲ್ ಓಡಿಸಿದರೆ ಬಹುಪಾಲು ಮೇಲ್ ಬಂತು. ಅಸಲು ಫೈಲ್ ಮುಟ್ಟಲಿಲ್ಲ. ಯಾಕೆಂದರೆ ಪಿಎಸ್‌ಟಿ ಒಳಗೆ ಮೇಲ್ ಬಂದ ರೂಪದಲ್ಲಿ ಇರುವುದಿಲ್ಲ. ಔಟ್‌ಲುಕ್ ಅದನ್ನು ಬಿಡಿಸಿ ತನ್ನ ಖಾನೆಗಳಲ್ಲಿ ತುಂಬಿರುತ್ತದೆ. ರೀಡ್‌ಪಿಎಸ್‌ಟಿಯಿಂದ ಹೊರತೆಗೆದದ್ದು ಮತ್ತೆ ಜೋಡಿಸಿದ ಮೇಲ್. ಓದಲು ಸರಿ, ಡಿಕಿಮ್ ಸಹಿ ಮಾತ್ರ ಕೂಡುವುದಿಲ್ಲ. ಕಳಿಸಿದ ಮೇಲ್‌ಗಳಲ್ಲಂತೂ ಸಾಗಣೆಯ ಹೆಡರ್‌ಗಳೇ ಇಲ್ಲ. ಹಾಗಾಗಿ ಪ್ರತಿ ಪಿಎಸ್‌ಟಿಯನ್ನೂ ಇದ್ದ ಹಾಗೇ ಹ್ಯಾಶ್ ಹಾಕಿ ಎತ್ತಿಟ್ಟೆ. ಹೊರತೆಗೆದ ಮೇಲ್‌ಗಳನ್ನು ಪೈಲರ್‌ಗೆ 'ಹಳೆಯದು' ಎಂಬ ಗುರುತಿನೊಂದಿಗೆ ಸೇರಿಸಿದೆ. ಎರಡನ್ನೂ ಒಂದೇ ತೂಕದ ಸಾಕ್ಷಿ ಎಂದು ಯಾರಿಗೂ ಹೇಳಬಾರದು.

ಹುಡುಕಾಟ ಶುರು ಮಾಡಿದಾಗ ಹೀಟ್ ನಂಬರ್, ಪಿಒ ನಂಬರ್ ಎಲ್ಲ ಥಟ್ಟನೆ ಸಿಕ್ಕವು. ಕನ್ನಡ, ಮರಾಠಿ ಪದ ಹಾಕಿದರೆ ಅಸಂಬದ್ಧ ಫಲಿತಾಂಶ. ಹುಡುಕಾಟದ ಪದಸೂಚಿಯಾದ ಇಂಡೆಕ್ಸ್‌ನ ಅಕ್ಷರ ಪಟ್ಟಿಯಲ್ಲಿ ನಮ್ಮ ಲಿಪಿಗಳು ಪೂರ್ತಿ ಇರಲಿಲ್ಲ. ಪಟ್ಟಿಯಲ್ಲಿಲ್ಲದ ಗುಣಿತದ ಗುರುತನ್ನು ಅದು ಪದ ಮುಗಿದ ಜಾಗ ಎಂದು ತಿಳಿಯುತ್ತದೆ. 'ಬೆಳಗಾವಿ' ಚೂರುಚೂರಾಗಿ ಬ, ಳಗ, ವ ಆಗಿ ಕೂತಿತ್ತು. ಯುನಿಕೋಡ್‌ನ ಕನ್ನಡ ಮತ್ತು ದೇವನಾಗರಿ ವಿಭಾಗಗಳನ್ನು ಗುಣಿತ, ಒತ್ತಕ್ಷರ ಕಟ್ಟುವ ಹಲಂತ ಗುರುತು ಸಮೇತ ಸೇರಿಸಿ ಇಂಡೆಕ್ಸ್ ಮತ್ತೆ ಕಟ್ಟಿದ ಮೇಲೆ ಸರಿಯಾಯಿತು. ಹಳೆಯ ನುಡಿ ಆಸ್ಕಿ ಫಾಂಟ್‌ನಲ್ಲಿ ಬಂದ ಸರ್ಕಾರಿ ಪತ್ರಗಳು ಮಾತ್ರ ಬೇರೆ ರೋಗ. ಕಣ್ಣಿಗೆ ಕನ್ನಡ, ಒಳಗೆ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸು. ಅವನ್ನು ಯುನಿಕೋಡ್‌ಗೆ ತಿರುಗಿಸಿದ ಪ್ರತಿಯನ್ನು ಹುಡುಕಲು ಮಾತ್ರ ಬಳಸಬೇಕು. ಅಸಲು ಆಸ್ಕಿಯೇ.

ಎಲ್ಲ ಮುಗಿದ ಮೇಲೆ ವಕೀಲರ ಮುಂದೆ ಒಂದು ತಾಲೀಮು ಮಾಡಿದೆವು. 1 ಜುಲೈ 2024ರಿಂದ ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಬಂದಿದೆ. ಎಲೆಕ್ಟ್ರಾನಿಕ್ ದಾಖಲೆಯ ಪ್ರತಿಗೆ ಪ್ರಮಾಣಪತ್ರ ಕಡ್ಡಾಯ ಎಂದು ಸುಪ್ರೀಂ ಕೋರ್ಟ್ 2020ರಲ್ಲೇ ಅರ್ಜುನ್ ಪಂಡಿತರಾವ್ ಖೋತ್ಕರ್ ಪ್ರಕರಣದಲ್ಲಿ ಹೇಳಿತ್ತು. ಹೊಸ ಕಾಯ್ದೆಯಲ್ಲಿ ಅದರ ನಮೂನೆಯೇ ಇದೆ. 'ಎ' ಭಾಗ ದಾಖಲೆ ಕೊಡುವವರದ್ದು, 'ಬಿ' ಭಾಗ ತಜ್ಞರದ್ದು. ಎರಡರಲ್ಲೂ ಹ್ಯಾಶ್ ಬರೆಯಬೇಕು, ಯಾವ ವಿಧಾನದ ಹ್ಯಾಶ್ ಎಂದೂ ಹೇಳಬೇಕು. ಸಾಧನದ ಮೇಕ್, ಮಾಡೆಲ್, ಸೀರಿಯಲ್ ನಂಬರ್ ಬೇಕು. ಅವನ್ನು ಒಂದು ಹಾಳೆಯಲ್ಲಿ ಬರೆದು ಬೀರುವಿನ ಬಾಗಿಲಿಗೆ ಒಳಗಿನಿಂದ ಅಂಟಿಸಿದ್ದೇನೆ. ವಕೀಲರು ಒಂದು ಹಳೆಯ ಇನ್‌ವಾಯ್ಸ್ ನಂಬರ್ ಹೇಳಿದರು. ಅಕೌಂಟ್ಸ್ ಅಕ್ಕ ಆಡಿಟರ್ ಆಗಿ ಲಾಗಿನ್ ಆಗಿ ಹುಡುಕಿದರು. ಕಚ್ಚಾ ಫೈಲ್ ತೆಗೆದು ಹ್ಯಾಶ್ ಹಾಕಿ, ಆ ದಿನದ ಪಟ್ಟಿಗೆ ಹೋಲಿಸಿ, ಪಟ್ಟಿಯ ಹ್ಯಾಶನ್ನು ವಕೀಲರ ಸ್ವಂತ ಮೇಲ್‌ನಲ್ಲಿದ್ದದ್ದಕ್ಕೆ ಹೋಲಿಸಿದೆವು. ಕೂಡಿತು. ಆಮೇಲೆ ಅವರು ಇನ್ನೊಂದು ಕೇಳಿದರು: ಇಂಥ ಗಿರಾಕಿಯಿಂದ ಇಂಥ 15 ದಿನದಲ್ಲಿ ಬಂದ ಎಲ್ಲ ಮೇಲ್, ಜೊತೆಗೆ ಆ ದಿನಗಳ ಲಾಗ್. ಅದೂ ಒಂದೇ ಕಟ್ಟಾಗಿ ಹೊರಬಂತು. ಬೇಕಾಗಿದ್ದದ್ದು ಇದೇ.

ವಾಟ್ಸಾಪ್‌ನಲ್ಲಿ ಬರುವ ಆರ್ಡರ್‌ಗಳು ಈ ಪೆಟ್ಟಿಗೆಯ ಹೊರಗೇ ಇವೆ. ದರ, ಪ್ರಮಾಣ, ತಾರೀಖು ಇರುವ ಯಾವ ಮಾತನ್ನೂ ಅದೇ ದಿನ ಮೇಲ್‌ನಲ್ಲಿ ಒಂದು ಸಾಲು ಬರೆದು ಗಿರಾಕಿಗೆ ಕಳಿಸಬೇಕು ಎಂದು ಸೇಲ್ಸ್‌ನವರಿಗೆ ನಿಯಮ ಮಾಡಿದ್ದಾರೆ. ಪೈಲರ್‌ನ ಕೀ ಫೈಲ್ ಮತ್ತು ಡಿಸ್ಕ್‌ನ ಪಾಸ್‌ಫ್ರೇಸ್ ಎರಡೂ ಒಟ್ಟಿಗೆ ಇರುವ ಎರಡು ಲಕೋಟೆ ಸೀಲ್ ಆಗಿವೆ, ಒಂದು ಮಾಲೀಕರ ತಿಜೋರಿಯಲ್ಲಿ, ಒಂದು ವಕೀಲರ ಕಚೇರಿಯಲ್ಲಿ. ಕೀ ಕಳೆದರೆ ಆರ್ಕೈವ್ ಇದ್ದೂ ಇಲ್ಲ. ಮುಂದಿನ ಕೆಲಸ, ಖಾಲಿ ಮಷೀನ್ ಒಂದರಲ್ಲಿ ಮುಂಬೈ ಪ್ರತಿ ಮತ್ತು ವಕೀಲರ ಲಕೋಟೆಯಿಂದ ಮಾತ್ರ ಎಲ್ಲವನ್ನೂ ಮತ್ತೆ ನಿಲ್ಲಿಸಿ ನೋಡುವುದು. ವಾರ್ಷಿಕ ಆಡಿಟ್ ಮುಗಿದ ಕೂಡಲೇ ಅದಕ್ಕೆ ಕೈಹಾಕುತ್ತೇನೆ.